ನಂಬರ್ ಇಳಿಯುವ ತನಕ

ನಮ್ಮ ಮದ್ದೂರು ವಡೆಯ ಮದ್ದೂರಲ್ಲ. ಅದು ಮಂಡ್ಯ ಜಿಲ್ಲೆಯದು, ರೈಲು ನಿಲ್ಲುವ ಊರು. ನಮ್ಮದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ರಸ್ತೆಯಲ್ಲಿ, ಬಂಡೀಪುರದ ಕಾಡಿನ ಬಾಯಲ್ಲಿದೆ. ಇಲ್ಲಿ ನಿಲ್ಲುವುದು ಲಾರಿಗಳು, ಅದೂ ರಾತ್ರಿ ಒಂಬತ್ತಾಯಿತೆಂದರೆ ಬೇರೆ ದಾರಿಯಿಲ್ಲದೆ. 2009ರಲ್ಲಿ ರಾತ್ರಿ ಸಂಚಾರಕ್ಕೆ ನಿಷೇಧ ಬಂದಾಗಿನಿಂದ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಚೆಕ್‌ಪೋಸ್ಟಿನ ಗೇಟು ಇಳಿದೇ ಇರುತ್ತದೆ. ಆಂಬುಲೆನ್ಸಿಗೆ, ಕೆಲವೇ ಬಸ್ಸುಗಳಿಗೆ ಮಾತ್ರ ಬಿಡುತ್ತಾರೆ. ಆ ಗೇಟು ಈ ಕತೆಯೊಳಗೂ ಅಡ್ಡ ಬರುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ನಾವೀಗ ಹೊಲದ ಬದುವಿನಲ್ಲಿ ಬೆಂಕಿ ಹಾಕಿಕೊಂಡು ಕೂತಿರುವುದಕ್ಕೆ ಅರ್ಧ ಕಾರಣ ಚಳಿ, ಅರ್ಧ ಆನೆ. ರಾಗಿ ತೆನೆ ಬಲಿತ ಮೇಲೆ ನಮ್ಮ ಕಡೆ ಯಾರೂ ನೆಮ್ಮದಿಯಾಗಿ ಮಲಗುವುದಿಲ್ಲ. ನನ್ನ ತಂಗಿಯ ಮಗಳು ಈ ವರ್ಷ ಆಶಾ ಕಾರ್ಯಕರ್ತೆ ಆಗಿದ್ದಾಳೆ. ತರಬೇತಿಯಲ್ಲಿ ಯಾರೋ ಒಂದು ಮಾತು ಹೇಳಿ ಮುಂದೆ ಹೋಗಿದ್ದಾರೆ, ಇವಳಿಗೆ ಅದು ತಲೆಯೊಳಗೇ ಉಳಿದಿದೆ. "ದೊಡ್ಡವ್ವ, ಮಗೂನೇ ಇಲ್ದ ಬಸುರು ಅಂತ ಇರ್ತದಂತಲ್ಲ, ದಿಟವಾ? ನೀನು ನೋಡಿದ್ದೀಯಾ?" ಎಂದಳು.

ನೋಡಿದ್ದೇನೆ ಮಗ. ಆ ಕೊಳ್ಳಿಯನ್ನು ಸ್ವಲ್ಪ ಒಳಕ್ಕೆ ತಳ್ಳು, ಹೇಳುತ್ತೇನೆ.

2011ರ ಮಳೆಗಾಲ. ಗುಂಡ್ಲುಪೇಟೆ ಸೀಮೆಯ ಹೊಲಗಳೆಲ್ಲ ಚೆಂಡುಹೂ, ಸೂರ್ಯಕಾಂತಿ ಬಿಟ್ಟು ಹಳದಿಯಾಗಿದ್ದವು. ಕೇರಳದವರು ಕಾರು ನಿಲ್ಲಿಸಿ ಫೋಟೋ ಹೊಡೆದುಕೊಳ್ಳುವ ಕಾಲ. ನಾನು ಆಗ ಈ ಭಾಗಕ್ಕೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ. ಅಷ್ಟುದ್ದ ಹೆಸರು ಸರ್ಕಾರದ ಕಾಗದಕ್ಕೆ, ಊರಿಗೆ ನರ್ಸಮ್ಮ. ಆ ಹೆಣ್ಣುಮಗಳ ಹೆಸರು ಹೇಳುವುದಿಲ್ಲ. ಅತ್ತೆಯ ಮನೆಯಲ್ಲಿದ್ದವಳು, ಸೊಸೆ ಅಂತಲೇ ಕರೆಯುತ್ತೇನೆ. ಇಪ್ಪತ್ತೆರಡೋ ಇಪ್ಪತ್ಮೂರೋ ವರ್ಷ, ಮೊದಲನೆಯದು ಗಂಡುಕೂಸು, ಅಂಗನವಾಡಿಗೆ ಹೋಗುತ್ತಿದ್ದ. ಗಂಡ ವಯನಾಡಿನಲ್ಲಿ ಶುಂಠಿ ಹೊಲದ ಕೆಲಸಕ್ಕೆ ಹೋದವನು ಹಬ್ಬಕ್ಕೊಮ್ಮೆ ಬರುತ್ತಿದ್ದ.

ತಾಯಿ ಕಾರ್ಡು ಮಾಡಿಸಲು ಅವರ ಮನೆಗೆ ಹೋದೆ. ಮುಟ್ಟು ನಿಂತ ಲೆಕ್ಕ ಹಾಕಿದರೆ ಮೂರು ತಿಂಗಳು. ಹೊಟ್ಟೆ ನೋಡಿದರೆ ಐದು. ಅತ್ತೆಗೆ ಅದೇ ದೊಡ್ಡ ಹೆಮ್ಮೆ. "ಅವಳಿ ಕನವ್ವ. ನಮ್ಮ ಮನ್ತನದಲ್ಲಿ ಅವಳಿ ಉಂಟು, ನಮ್ಮ ಮಾವನ ಅಕ್ಕಂಗ ಆಗಿತ್ತು" ಎಂದಳು. ಹೊರಗೆ ಎಲ್ಲೋ ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ತೋರಿಸಿದ್ದರು. ವಾಂತಿಗೆ ಗ್ಲೂಕೋಸ್ ಏರಿಸಿ, ಹೊಟ್ಟೆ ಮುಟ್ಟಿ ನೋಡಿ, ಅವಳಿ ಇರಬಹುದು ಎಂದು ಅವರೂ ಹೇಳಿದ್ದರು. ಸ್ಕ್ಯಾನ್ ಮಾಡಿರಲಿಲ್ಲ. ಒಂದು ಗುಟುಕು ನೀರು ಕುಡಿದರೂ ಸೊಸೆಯ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಆಗಾಗ ಕಂದು ಬಣ್ಣದ ಕಲೆ ಬಟ್ಟೆಗೆ ಕಾಣಿಸುತ್ತಿತ್ತು, ಅದನ್ನು ಅತ್ತೆಗೆ ಹೇಳಿರಲಿಲ್ಲ. ನನ್ನ ಕಿವಿಯಲ್ಲಿ ಹೇಳಿದಳು.

ಕೈಯಿಟ್ಟು ನೋಡಿದೆ. ಗರ್ಭಕೋಶ ಹೊಕ್ಕುಳ ಮುಟ್ಟುತ್ತಿತ್ತು. ಮೆತ್ತಗೆ ತುಂಬಿಕೊಂಡಿತ್ತೇ ಹೊರತು ಒಳಗೆ ಏನೂ ಕೈಗೆ ಎದುರಾಗಲಿಲ್ಲ. ಆ ಎತ್ತರಕ್ಕೆ ಕೂಸಿನ ಮಿಸುಕಾಟವಾದರೂ ತಿಳಿಯಬೇಕಿತ್ತು, ಅವಳು ಇಲ್ಲವೆಂದಳು. ಬಿ.ಪಿ. ಪಟ್ಟಿ ಕಟ್ಟಿದೆ. 150, 100. ಬಿಚ್ಚಿ, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಕಟ್ಟಿದೆ, ಅಷ್ಟೇ ಬಂತು. ಮೊದಲ ಹೆರಿಗೆಯ ಕಾರ್ಡು ಪೆಟ್ಟಿಗೆಯಲ್ಲಿತ್ತು. ತೆಗೆಸಿ ನೋಡಿದರೆ ಆಗ ಒಂಬತ್ತು ತಿಂಗಳೂ 110, 70.

ಇದನ್ನು ನೀನು ಗಟ್ಟಿಯಾಗಿ ಹಿಡಿದುಕೋ ಮಗ. ಬಸಿರಿನಿಂದ ಬರುವ ಬಿ.ಪಿ. ಇಪ್ಪತ್ತು ವಾರ ಕಳೆದ ಮೇಲೆ ತಲೆ ಎತ್ತುವಂಥದ್ದು. ಮೂರು ತಿಂಗಳಿಗೇ ಏರಿದೆ ಎಂದರೆ ಒಂದೋ ಅದು ಹಳೆಯ ಬಿ.ಪಿ., ಇಲ್ಲವೋ ಒಳಗೆ ಇರುವುದು ಎಲ್ಲರಂಥ ಬಸಿರಲ್ಲ. ತಿಂಗಳಿಗೆ ಮೀರಿದ ಹೊಟ್ಟೆ, ತಡೆಯಲಾರದ ವಾಂತಿ, ನಡುನಡುವೆ ರಕ್ತ, ಹೊತ್ತಿಗೆ ಮುಂಚೆ ಬಂದ ಬಿ.ಪಿ. ಇವೆಲ್ಲ ಒಂದೇ ಮನೆಯ ಬಾಗಿಲಿಗೆ ಬಂದು ನಿಂತಿದ್ದವು. ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟಿದ್ದ ವೆಸಿಕ್ಯುಲರ್ ಮೋಲ್ ನೆನಪಿಗೆ ಬಂತು. ಅಷ್ಟು ವರ್ಷದ ಸರ್ವಿಸಿನಲ್ಲಿ ಕಣ್ಣಾರೆ ಕಂಡಿರಲಿಲ್ಲ. ಗುಂಡ್ಲುಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಲೇಬೇಕೆಂದು ಚೀಟಿ ಬರೆದೆ. "ಭೀಮನ ಅಮಾಸ ಕಳೀಲಿ ಕನವ್ವ, ಹೈದ ಬತ್ತಾನೆ, ಅವನೇ ಕರ್ಕೊಂಡೋಯ್ತಾನೆ" ಎಂದಳು ಅತ್ತೆ. ಅಮಾವಾಸ್ಯೆಗೆ ಇನ್ನೂ ನಾಲ್ಕೈದು ದಿನವಿತ್ತು. ನಾನು ಒಪ್ಪಲಿಲ್ಲ, ನಾಳೆಯೇ ಅಂದೆ. ನಾಳೆ ಬರುವುದರೊಳಗೆ ರಾತ್ರಿ ಬಂತು.

ಏಳೂವರೆ ಎಂಟರ ಹೊತ್ತಿಗೆ ಫೋನು. ನಾನು ಹೋಗುವಷ್ಟರಲ್ಲಿ ಊರಿನ ಮುದಿ ಸೂಲಗಿತ್ತಿ ಬಂದು ಕೂತಿದ್ದಳು. ಸೊಸೆ ಗೋಡೆಗೆ ಒರಗಿ ಬಿಳಿಚಿಕೊಂಡಿದ್ದಳು. ಕೆಳಗೆ ಹಾಸಿದ್ದ ಸೀರೆ ನೆನೆದಿತ್ತು. ಅತ್ತೆ ಅದರ ಸೆರಗನ್ನು ದೀಪದ ಹತ್ತಿರ ಹಿಡಿದು ತೋರಿಸಿದಳು. "ಯಾನವ್ವ ಇದು? ಸಬ್ಬಕ್ಕಿ ನೆನಾಕ್ದಂಗದಲ್ಲ!" ರಕ್ತದ ನಡುವೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆ, ದಾರದಲ್ಲಿ ಪೋಣಿಸಿಟ್ಟ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಅದನ್ನು ಕಂಡ ಮೇಲೆ ಅನುಮಾನ ಏನೂ ಉಳಿಯುವುದಿಲ್ಲ. ಒಂದು ತೊಳೆದ ಬಾಟಲಿಗೆ ಆ ಗುಳ್ಳೆಗಳನ್ನು ತುಂಬಿಸಿಟ್ಟುಕೊಂಡೆ. ಮುಂದೆ ಇಂಥದ್ದು ಎದುರಾದರೆ ನೀನೂ ಹಾಗೇ ಮಾಡು. ತಿಪ್ಪೆಗೆ ಹಾಕಲು ಬಿಡಬೇಡ.

ಸೂಲಗಿತ್ತಿ ಆ ಗುಳ್ಳೆಯನ್ನೇ ನೋಡುತ್ತ ಕೂತವಳು, ತಾನು ಹಿಂದೊಮ್ಮೆ ಇದನ್ನು ಕಂಡಿದ್ದೆ ಎಂದಳು. ಅವಳ ಪ್ರಾಯದ ಕಾಲದಲ್ಲಿ ಯಾವಳೋ ಒಬ್ಬಳಿಗೆ ಹೀಗೇ ಹೋಗಿತ್ತಂತೆ. ಆಮೇಲೆ ಅವಳು ಚೆನ್ನಾಗೇ ಇದ್ದಳಂತೆ, ನೀರು ಹೊತ್ತಳಂತೆ, ಕಳೆ ಕಿತ್ತಳಂತೆ. ಕೆಲವು ತಿಂಗಳು ಕಳೆದು ಕೆಮ್ಮು ಹತ್ತಿತು. ಕೆಮ್ಮಿದರೆ ರಕ್ತ. "ಕ್ಷಯ ಅಂದ್ರು ಕನವ್ವ, ಸೊರಗ್ಸೊರಗಿ ಹೋಗ್ಬುಟ್ಲು." ಆ ಗಳಿಗೆಯಲ್ಲಿ ನಾನು ಅದಕ್ಕೆ ಗಮನ ಕೊಡಲಿಲ್ಲ, 108ಕ್ಕೆ ಫೋನು ಹಿಡಿದುಕೊಂಡು ನಿಂತಿದ್ದೆ. ಅದರ ಅರ್ಥ ಆದದ್ದು ಮೈಸೂರಿನಲ್ಲಿ.

ಗಂಡನಿಗೂ ಸುದ್ದಿ ಮುಟ್ಟಿತ್ತು. ಬತ್ತೇರಿಯಿಂದ ಯಾರದೋ ಪಿಕಪ್ ಗಾಡಿ ಹತ್ತಿ ಹೊರಟವನು ಕಾಡಿನ ಅತ್ತ ಕಡೆಯ ಗೇಟು ತಲುಪುವ ಹೊತ್ತಿಗೆ ಒಂಬತ್ತು ದಾಟಿತ್ತು. ಹೆಂಡತಿಗೆ ರಕ್ತ ಹೋಗುತ್ತಿದೆ ಎಂದು ಅತ್ತರೂ ಗಾಡಿಗೆ ದಾರಿಯಿಲ್ಲ, ಆನೆ ತಿರುಗುವ ಹೊತ್ತಿನಲ್ಲಿ ಕಾಲ್ನಡಿಗೆಯಲ್ಲಿ ಬರುವ ಹಾಗೂ ಇಲ್ಲ. ಬಿಡುವ ಬಸ್ಸೂ ಅವನ ಕೈಗೆ ಸಿಗಲಿಲ್ಲ. ಬೆಳಗಿನ ಆರರವರೆಗೆ ಅಲ್ಲೇ ಕೂತಿದ್ದ. ಆ ನಿಷೇಧ ಸರಿಯೋ ತಪ್ಪೋ ಎಂದು ಈಗಲೂ ಜಗಳವಾಡುತ್ತಾರೆ. ಕಾಡಿನ ಪ್ರಾಣಿಗೆ ಅದರಿಂದ ಒಳ್ಳೆಯದೇ ಆಗಿದೆ ಎಂದು ನನಗನ್ನಿಸುತ್ತದೆ, ಆದರೂ ಆ ರಾತ್ರಿ ಅವನ ಫೋನು ಬಂದಾಗಲೆಲ್ಲ ನನಗೆ ಅಷ್ಟು ಧರ್ಮ ಹೊಳೆಯಲಿಲ್ಲ.

ಗುಂಡ್ಲುಪೇಟೆ ಆಸ್ಪತ್ರೆಯಲ್ಲಿ ಎರಡೂ ಕೈಗೆ ಡ್ರಿಪ್ ಹಾಕಿ, ಬಾಟಲಿಯೊಳಗಿನದನ್ನು ನೋಡಿ, ಮಾತಾಡದೆ ಮೈಸೂರಿಗೆ ಬರೆದರು. ಬೇಗೂರು, ನಂಜನಗೂಡು ದಾಟಿ ಅರವತ್ತು ಕಿಲೋಮೀಟರ್. ಚೆಲುವಾಂಬ ಆಸ್ಪತ್ರೆಗೆ ಸೇರುವಾಗ ನಡುರಾತ್ರಿ ಕಳೆದಿತ್ತು. ಮೈಸೂರು ಮೆಡಿಕಲ್ ಕಾಲೇಜಿಗೆ ಸೇರಿದ ಹೆಂಗಸರ ಮಕ್ಕಳ ಆಸ್ಪತ್ರೆ ಅದು. ನಮ್ಮ ಚಾಮರಾಜನಗರ 1997ರಲ್ಲಿ ಬೇರೆ ಜಿಲ್ಲೆಯಾದರೂ ಕಷ್ಟದ ಹೆರಿಗೆ ಮಾತ್ರ ಬಹುಕಾಲ ಮೈಸೂರು ಜಿಲ್ಲೆಯಲ್ಲೇ ಉಳಿದಿತ್ತು.

ಡ್ಯೂಟಿಯಲ್ಲಿದ್ದವಳು ಪಿ.ಜಿ. ಓದುತ್ತಿದ್ದ ಚಿಕ್ಕ ಡಾಕ್ಟರು, ಉತ್ತರ ಕರ್ನಾಟಕದ ಹುಡುಗಿ. ಸ್ಕ್ಯಾನ್ ಪರದೆಯನ್ನು ನನ್ನ ಕಡೆಗೂ ತಿರುಗಿಸಿದಳು. ಕೂಸಿಲ್ಲ, ಎದೆಬಡಿತವಿಲ್ಲ. ಗರ್ಭಕೋಶದ ತುಂಬ ಬಿಳಿ ಚುಕ್ಕೆ, ಚುಕ್ಕೆಯ ನಡುವೆ ಕಪ್ಪು ತೂತು. "ಪುಸ್ತಕದಾಗ ಇದಕ್ಕ ಹಿಮ ಸುರಿದಂಗ ಅಂತ ಬರೀತಾರ್ರಿ ಸಿಸ್ಟರ್" ಎಂದಳು. ಹಿಮ ನಾನೂ ನೋಡಿಲ್ಲ, ಅವಳೂ ನೋಡಿರಲಿಲ್ಲ. ಅಂಡಾಶಯಗಳಲ್ಲೂ ನೀರುಗಂಟು ಎದ್ದಿದ್ದವು. ಅವನ್ನು ಕೊಯ್ಯಬೇಕಾಗಿಲ್ಲ, ಹಾರ್ಮೋನು ಇಳಿದಂತೆ ತಾವೇ ಕರಗುತ್ತವೆ ಎಂದಳು. ಹಿಮೋಗ್ಲೋಬಿನ್ 6 ಚಿಲ್ಲರೆ. ಥೈರಾಯ್ಡ್ ಪರೀಕ್ಷೆಗೆ ಬರೆದಳು, ಎದೆಯ ಎಕ್ಸ್‌ರೇಗೆ ಬರೆದಳು. ಬಸುರಿಗೆ ಥೈರಾಯ್ಡ್ ಯಾಕೆ ಎಂದೆ. ಈ ಗುಳ್ಳೆಗಳು ಉಕ್ಕಿಸುವ ಎಚ್‌ಸಿಜಿ ಹಾರ್ಮೋನು ವಿಪರೀತವಾದಾಗ ಥೈರಾಯ್ಡನ್ನೂ ಕೆರಳಿಸುತ್ತದಂತೆ, ಅದನ್ನು ನೋಡದೆ ಅರಿವಳಿಕೆ ಕೊಟ್ಟರೆ ಟೇಬಲ್ಲಿನ ಮೇಲೇ ಎದೆ ಹೊಡೆದುಕೊಂಡು ಕಷ್ಟಕ್ಕೆ ಬರಬಹುದಂತೆ. ಆ ಹಾರ್ಮೋನು ಅವಳ ರಕ್ತದಲ್ಲಿ ಎರಡೂವರೆ ಲಕ್ಷ ದಾಟಿತ್ತು. ಬಸಿರು ಹೌದೋ ಅಲ್ಲವೋ ಎಂದು ನಾವು ಉಚ್ಚೆಯಲ್ಲಿ ಹುಡುಕುತ್ತೇವಲ್ಲ, ಅದೇ ಹಾರ್ಮೋನು.

ರಕ್ತ ಏರಿಸಿಕೊಂಡು, ಇನ್ನೂ ಎರಡು ಬಾಟಲಿ ಪಕ್ಕದಲ್ಲಿಟ್ಟುಕೊಂಡು ಬೆಳಿಗ್ಗೆ ತೆಗೆದರು. ಒಂದು ಬಾಟಲಿಗೆ ನಾನೂ ಕೈ ಚಾಚಿದೆ. ಇದನ್ನು ಮಾತ್ರೆ ಕೊಟ್ಟು ಹೆರಿಗೆಯ ನೋವು ಬರಿಸಿ ಹೊರಹಾಕುವುದಿಲ್ಲ. ಗರ್ಭಕೋಶ ಹಿಂಡಿಕೊಂಡರೆ ಆ ಗುಳ್ಳೆಯ ಚೂರುಗಳು ರಕ್ತನಾಳ ಸೇರಿ ಶ್ವಾಸಕೋಶಕ್ಕೆ ಹೋಗುವ ಭಯವಿದೆ. ಗರ್ಭಕೋಶದ ಬಾಯಿ ಮೆಲ್ಲಗೆ ಅಗಲಿಸಿ ಸಕ್ಷನ್ ಹಾಕಿ ಎಳೆಯುತ್ತಾರೆ. ಗರ್ಭಕೋಶ ಕುಗ್ಗಿಸುವ ಔಷಧಿ ಎಳೆಯಲು ಶುರುಮಾಡಿದ ಮೇಲೇ. ಹೊರಗೆ ಬಂದ ನನ್ನ ಚಿಕ್ಕ ಡಾಕ್ಟರು ಹಣೆ ಒರೆಸಿಕೊಳ್ಳುತ್ತಿದ್ದಳು. ತೆಗೆದದ್ದನ್ನೆಲ್ಲ ಪೆಥಾಲಜಿಗೆ ಕಳಿಸಿದ್ದರು. ಅಷ್ಟು ಹೊತ್ತಿಗೆ ಗಂಡನೂ ಬಂದ, ಕಾಲಿಗೆಲ್ಲ ಶುಂಠಿ ಹೊಲದ ಕೆಸರು ಒಣಗಿತ್ತು.

ಇನ್ನು ಅತ್ತೆಯ ಪಂಚಾಯ್ತಿ. ಸೊಸೆ ಹುಣ್ಣಿಮೆಯ ಸಂಜೆ ಸೌದೆಗೆ ಹೋಗಿದ್ದಳು, ಏನೋ ಮೆಟ್ಟಿದ್ದಾಳೆ, ಮಾರಮ್ಮನಿಗೆ ಹರಕೆ ಬಾಕಿ ಇದೆ ಎಂದು ದಾರಿಯುದ್ದಕ್ಕೂ ಆಂಬುಲೆನ್ಸಿನಲ್ಲಿ ಗೊಣಗಿದ್ದಳು. ದೊಡ್ಡ ಮೇಡಂ ರೌಂಡ್ಸಿಗೆ ಬಂದಾಗ ಕೇಳಿಯೇಬಿಟ್ಟಳು: "ಡಾಕ್ಟ್ರವ್ವ, ಇವ್ಳು ಯಾನ ತಪ್ಪು ಮಾಡುದ್ಲು ಅಂತ ಇಂಗಾಯ್ತು?" ಮೇಡಂ ನಿಂತು ಹೇಳಿದರು. ಹೆಣ್ಣಿನ ಅಂಡದಲ್ಲಿ ಅರ್ಧ, ಗಂಡಿನ ವೀರ್ಯಾಣುವಿನಲ್ಲಿ ಅರ್ಧ ಸೇರಿ ಕೂಸು. ಒಮ್ಮೊಮ್ಮೆ ಅಂಡದ ಪಾಲು ಖಾಲಿಯಾಗಿರುತ್ತದೆ. ಗಂಡಿನ ಪಾಲೇ ತನ್ನನ್ನು ತಾನು ಎರಡು ಮಾಡಿಕೊಂಡು ಬೆಳೆಯಲು ನೋಡುತ್ತದೆ. ಹಾಗಾದಾಗ ಕೂಸು ಕಟ್ಟುವುದಿಲ್ಲ, ಕೂಸಿಗೆ ಅನ್ನ ನೀರು ಒದಗಿಸಬೇಕಾದ ಮಾಸು ಮಾತ್ರ ಹುಚ್ಚೆದ್ದು ಬೆಳೆಯುತ್ತದೆ. 1977ರಲ್ಲಿ ಜಪಾನಿನ ಕಾಜಿ, ಒಹಾಮಾ ಎಂಬುವರು ಇದನ್ನು ತೋರಿಸಿಕೊಟ್ಟರಂತೆ. ಇದು ಪೂರ್ತಿ ಮೋಲ್. ಒಂದು ಅಂಡಕ್ಕೆ ಎರಡು ವೀರ್ಯಾಣು ನುಗ್ಗಿ, ಮೂರು ಪಾಲಾಗಿ, ಅರೆಬರೆ ಕೂಸೂ ಗುಳ್ಳೆಯೂ ಸೇರಿಕೊಂಡಿದ್ದರೆ ಅದು ಅರೆ ಮೋಲ್.

ಅತ್ತೆ ಇಷ್ಟರಲ್ಲಿ ತನಗೆ ಬೇಕಾದ್ದನ್ನು ಹೆಕ್ಕಿಕೊಂಡಿದ್ದಳು. ಮುಖ ಸಣ್ಣಗೆ ಮಾಡಿಕೊಂಡು "ಹಂಗಾರ ನಮ್ಮ ಹೈದಂದಾ ತಪ್ಪು?" ಎಂದಳು. ವಾರ್ಡಿನಲ್ಲಿದ್ದ ಹೆಂಗಸರೆಲ್ಲ ನಕ್ಕರು. ಸೊಸೆಯೂ ನಕ್ಕಳು, ಆ ದಿನ ಮೊದಲ ಸಲ. ಯಾರ ತಪ್ಪೂ ಅಲ್ಲಮ್ಮ ಎಂದು ಮೇಡಂ ಹೇಳಿದರು. ತೀರ ಚಿಕ್ಕ ಪ್ರಾಯದವರಿಗೆ, ನಲವತ್ತು ದಾಟಿದವರಿಗೆ ಇದು ಹೆಚ್ಚು ಬರುತ್ತದೆ, ಹಿಂದೆ ಒಮ್ಮೆ ಆದವರಿಗೆ ಮತ್ತೆ ಆಗುವ ಸಂಭವ ಉಳಿದವರಿಗಿಂತ ಜಾಸ್ತಿ, ಅಷ್ಟು ಬಿಟ್ಟರೆ ಸೌದೆಗೂ ಹುಣ್ಣಿಮೆಗೂ ಸಂಬಂಧವಿಲ್ಲ ಎಂದರು. ಆ ಒಂದು ಪ್ರಶ್ನೆಯಿಂದ ಒಳ್ಳೆಯದೇ ಆಯಿತು. ಮಗನ ಮೇಲೆ ಬರಬಹುದಾದ ಮಾತನ್ನು ಸೊಸೆಯ ಮೇಲೂ ಹಾಕದಿರುವುದೇ ಕ್ಷೇಮ ಎಂದು ಅತ್ತೆ ಆವತ್ತೇ ತೀರ್ಮಾನಿಸಿದಳು. ಮಾರಮ್ಮನ ಹರಕೆಯನ್ನು ಮಾತ್ರ ಸಲ್ಲಿಸಿದಳು, ಅದು ಬೇರೆ ಲೆಕ್ಕ.

ಮೂರು ದಿನಕ್ಕೆ ಮನೆಗೆ ಕಳಿಸಿದರು. ವಾಂತಿ ನಿಂತಿತ್ತು, ಬಿ.ಪಿ. ಇಳಿದಿತ್ತು, ಹೊಟ್ಟೆ ಖಾಲಿ. ಊರಿಗೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಗಂಡಾಂತರ ಕಳೆಯಿತು. ಆಸ್ಪತ್ರೆಯಲ್ಲಿ ದೊಡ್ಡ ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ಅದರ ತದ್ವಿರುದ್ಧ. "ಸಿಸ್ಟರ್, ನಾವು ಮಾಡಿದ್ದು ಅರ್ಧ. ಉಳಿದದ್ದು ನಿಮ್ಮ ಊರಲ್ಲಿ ಆಗಬೇಕು. ಪೂರ್ತಿ ಮೋಲ್ ಆದವರಲ್ಲಿ ನೂರಕ್ಕೆ ಹದಿನೈದು ಇಪ್ಪತ್ತು ಜನಕ್ಕೆ ಒಳಗೆ ಉಳಿದ ಚೂರು ಮತ್ತೆ ಚಿಗುರುತ್ತೆ. ಅದು ಹೊರಗೆ ಕಾಣೋದಿಲ್ಲ, ನೋವೂ ಬರೋದಿಲ್ಲ. ರಕ್ತದಲ್ಲಿ ನಂಬರ್ ಮಾತ್ರ ಹೇಳುತ್ತೆ. ವಾರಕ್ಕೊಮ್ಮೆ ಬೀಟಾ ಎಚ್‌ಸಿಜಿ, ನಾರ್ಮಲ್ ಆಗುವ ತನಕ. ಆದ ಮೇಲೂ ತಿಂಗಳಿಗೊಮ್ಮೆ, ಆರು ತಿಂಗಳು. ಆವರೆಗೆ ಬಸುರಾಗಬಾರದು."

ಆ ಚಿಗುರು ಗರ್ಭಕೋಶದ ಗೋಡೆಯೊಳಗೆ ಬೇರಿಳಿಸಬಹುದು, ಕೋರಿಯೋಕಾರ್ಸಿನೋಮ ಎಂಬ ಕ್ಯಾನ್ಸರ್ ಆಗಬಹುದು. ರಕ್ತದಲ್ಲಿ ಹರಿದು ಮೊದಲು ಹೋಗುವುದು ಶ್ವಾಸಕೋಶಕ್ಕೆ. ಆಗ ಕೆಮ್ಮು, ಕೆಮ್ಮಿದರೆ ರಕ್ತ. ಮೇಡಂ ಅಷ್ಟು ಹೇಳಿದಾಗ ಸೂಲಗಿತ್ತಿಯ ಮಾತು ನನ್ನ ಕಿವಿಗೆ ಮತ್ತೆ ಬಿತ್ತು. ಸತ್ತವಳ ರೋಗ ಏನಿತ್ತೆಂದು ಇವತ್ತು ಯಾರೂ ಆಣೆಯಿಟ್ಟು ಹೇಳಲಾರರು. ಆದರೆ ಕಫದಲ್ಲಿ ರಕ್ತ ಕಂಡ ಕೂಡಲೇ ಟಿ.ಬಿ. ಎಂದು ಬರೆದುಕೊಳ್ಳುವ ನಮ್ಮ ಅಭ್ಯಾಸವಿದೆಯಲ್ಲ, ಅಲ್ಲಿ ಒಂದು ನಿಮಿಷ ನಿಲ್ಲಬೇಕು. ಹೆರುವ ವಯಸ್ಸಿನ ಹೆಂಗಸು, ಈಚೆಗೆ ಬಸಿರು ಹೋಗಿದೆ ಅಥವಾ ಹೆರಿಗೆಯಾಗಿದೆ, ಕಫ ಪರೀಕ್ಷೆಯಲ್ಲಿ ಏನೂ ಸಿಗುತ್ತಿಲ್ಲ ಎಂದರೆ ಉಚ್ಚೆಯ ಬಸಿರು ಪರೀಕ್ಷೆ ಒಂದನ್ನು ಮಾಡಿಸು. ಈ ಕ್ಯಾನ್ಸರ್ ಮೋಲ್ ಆದವರಿಗೇ ಬರಬೇಕೆಂದಿಲ್ಲ, ಚೆನ್ನಾಗಿ ಹೆತ್ತವರಿಗೂ ಅಪರೂಪಕ್ಕೆ ಬರುತ್ತದೆ.

ಚೆನ್ನಾಗಿರುವವಳನ್ನು ವಾರ ವಾರ ಸೂಜಿಗೆ ಕರೆದುಕೊಂಡು ಹೋಗುವುದು ಎಂಥ ಕೆಲಸ ಅನ್ನುವುದು ಮಾಡಿದವರಿಗೇ ಗೊತ್ತು. ರಕ್ತ ಹರಿಯುತ್ತಿದ್ದಾಗ ಇಡೀ ಬೀದಿಯೇ ಓಡಿ ಬಂದಿತ್ತು. ಈಗ ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿಗೆ ಕಾಸು, ಪರೀಕ್ಷೆಗೆ ಕಾಸು, ಮನೆಯಲ್ಲಿ ಚಿಕ್ಕ ಕೂಸು. ಈರುಳ್ಳಿ ಕೀಳುವ ಕಾಲ ಬೇರೆ. ಪ್ರತಿಸಲ ಮೈಸೂರಿಗೆ ಹೋಗುವುದು ಆಗದ ಮಾತು. ಗುಂಡ್ಲುಪೇಟೆಯ ಒಂದು ಲ್ಯಾಬಿನವರು ರಕ್ತ ತೆಗೆದು ಮೈಸೂರಿಗೆ ಕಳಿಸಲು ಒಪ್ಪಿದರು. ಸಂತೆಗೆ ಹೋದ ದಿನವೇ ಅದನ್ನೂ ಮುಗಿಸುವುದು, ಮಾರನೆಯ ದಿನ ನನ್ನ ಫೋನಿಗೆ ನಂಬರ್. ಮೇಡಂ ಒಂದು ಷರತ್ತು ಹಾಕಿದ್ದರು: ಅಗ್ಗವೆಂದು ಲ್ಯಾಬು ಬದಲಿಸಬೇಡಿ. ಒಂದೊಂದು ಯಂತ್ರ ಒಂದೊಂದು ರೀತಿ ಅಳೆಯುತ್ತದೆ, ಒಂದೇ ಕಡೆ ಮಾಡಿಸಿದರೆ ಮಾತ್ರ ಇಳಿತ ತಿಳಿಯುವುದು.

ಮಕ್ಕಳಾಗದಂತೆ ನೋಡಿಕೊಳ್ಳುವುದು ಇನ್ನೊಂದು ರಾಮಾಯಣ. "ಹೋದ್ದಕ್ಕ ಬದಲಿ ಬೇಗ್ನೆ ಒಂದಾಗ್ಬುಡ್ಲಿ" ಎನ್ನುವುದು ನೆಂಟರ ಉಪದೇಶ. ಆದರೆ ಹೊಸ ಬಸಿರು ನಿಂತರೂ ಇದೇ ಹಾರ್ಮೋನು ಏರುತ್ತದೆ. ಆಗ ಏರಿದ್ದು ಕೂಸಿನದೋ ಕಾಯಿಲೆಯದೋ ಹೇಗೆ ಹೇಳುವುದು? ನಂಬರ್ ನಾರ್ಮಲ್ ಆಗುವ ಮುಂಚೆ ಕಾಪರ್ ಟಿ ಹಾಕುವಂತಿಲ್ಲ, ಗರ್ಭಕೋಶದ ಗೋಡೆ ಇನ್ನೂ ಹಸಿಯಾಗಿರುತ್ತದೆ, ತೂತಾಗಬಹುದು. ನಮ್ಮ ಹತ್ತಿರ ಪುಕ್ಕಟೆ ಸಿಗುವ ಮಾಲಾ-ಎನ್ ಮಾತ್ರೆ ಶುರುಮಾಡಿಸಿದೆ. ಗಂಡ ಹೇಗೂ ವಯನಾಡಿಗೆ ಹೊರಟ ಎಂದುಕೊಂಡೆ, ಅವನು ಈ ಸಲ ಹೋಗಲಿಲ್ಲ. ಊರಲ್ಲೇ ಟ್ರ್ಯಾಕ್ಟರ್ ಓಡಿಸುವ ಕೆಲಸ ಹಿಡಿದ.

ನಂಬರು ಮೊದಮೊದಲು ಸರ್ರನೆ ಇಳಿಯಿತು. ಲಕ್ಷದಿಂದ ಸಾವಿರಕ್ಕೆ ಬಂತು, ಒಂಬತ್ತು ಸಾವಿರ, ಎರಡು ಸಾವಿರ ಚಿಲ್ಲರೆ, ಆಮೇಲೆ 410. ಅತ್ತೆಗೆ ಓದು ಬಾರದು, ಅಂಕಿ ಗೊತ್ತು. ನಾನು ಫೋನಿನಲ್ಲಿ ಹೇಳಿದ್ದನ್ನು ಅಡುಗೆಮನೆಯ ಗೋಡೆಗೆ ಇದ್ದಿಲಿನಲ್ಲಿ ಬರೆದುಕೊಳ್ಳುತ್ತಿದ್ದಳು, ಒಂದರ ಕೆಳಗೊಂದು. 410ರ ಮುಂದಿನ ವಾರ 398. ಅದರ ಮುಂದಿನದು 405. ಅದರ ಮುಂದೆ 412. ನನಗಿಂತ ಮುಂಚೆ ಕೇಳಿದವಳು ಅವಳೇ: "ಯಾಕವ್ವ ನಂಬರ್ ಕುಂತ್ಕಂಡದ?"

ಅದೇ ಪ್ರಶ್ನೆಗೆ ಡಾಕ್ಟರುಗಳ ಲೆಕ್ಕದಲ್ಲೂ ಜಾಗವಿದೆ. ಮೂರು ವಾರದ ಉದ್ದಕ್ಕೆ ನಾಲ್ಕು ಸಲ ನೋಡಿದರೂ ನಂಬರ್ ಅಲುಗಾಡದೆ ನಿಂತಿದ್ದರೆ, ಅಥವಾ ಎರಡು ವಾರದಲ್ಲಿ ಮೂರು ಸಲ ನೋಡಿದಾಗ ಏರುತ್ತಲೇ ಇದ್ದರೆ, ಉಳಿದ ಚೂರು ಜೀವ ಹಿಡಿದಿದೆ ಎಂದರ್ಥ. ಮತ್ತೆ ಚೂರು ತೆಗೆದು ಪರೀಕ್ಷೆಗೆ ಕಳಿಸುವ ಅಗತ್ಯವೂ ಇಲ್ಲ, ನಂಬರೇ ಸಾಕ್ಷಿ. ಕ್ಯಾನ್ಸರ್‌ಗಳಲ್ಲಿ ಹೀಗೆ ಬರೀ ರಕ್ತ ನೋಡಿ ಔಷಧಿ ಶುರುಮಾಡುವುದು ತೀರ ಅಪರೂಪ.

ಮೈಸೂರಿಗೆ ಹೋದೆವು. ಎಕ್ಸ್‌ರೇಯಲ್ಲಿ ಎದೆ ತಿಳಿಯಾಗಿತ್ತು. ವಯಸ್ಸು, ಹಿಂದಿನ ಬಸಿರು ಎಂಥದ್ದು, ಅದು ಕಳೆದು ಎಷ್ಟು ತಿಂಗಳಾಯಿತು, ನಂಬರ್ ಎಷ್ಟು, ಗಂಟು ಎಷ್ಟು ದೊಡ್ಡದು, ಎಲ್ಲೆಲ್ಲಿ ಹರಡಿದೆ, ಇವಕ್ಕೆಲ್ಲ ಅಂಕ ಹಾಕಿ ಕೂಡುತ್ತಾರೆ. ಆರರವರೆಗೆ ಬಂದರೆ ಕಡಿಮೆ ಅಪಾಯ, ಒಂದೇ ಔಷಧಿ ಸಾಕು. ಏಳು ಅಥವಾ ಅದಕ್ಕಿಂತ ಮೇಲೆ ಬಂದರೆ ಹಲವು ಔಷಧಿ ಒಟ್ಟಿಗೆ ಬೇಕು, ಬೆಂಗಳೂರಿನ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಹೋಗಬೇಕು. ಸೊಸೆಯದು ಕಡಿಮೆ ಅಪಾಯದ ಸಾಲಿಗೇ ಬಂತು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಿದ್ದಕ್ಕೆ ನಾನು ಅಷ್ಟು ಖುಷಿಪಟ್ಟದ್ದು ಅದೊಂದೇ ಸಲ. ಮಾಸು ಕೂರುವ ಜಾಗದಲ್ಲಿ ಹುಟ್ಟುವ ಇನ್ನೊಂದು ಗಂಟಿದೆಯಂತೆ, ತೀರ ಅಪರೂಪದ್ದು. ಹೆರಿಗೆಯಾಗಿ ತಿಂಗಳು ವರ್ಷ ಕಳೆದ ಮೇಲೂ ಬರುತ್ತದಂತೆ, ನಂಬರ್ ಹೆಚ್ಚು ಏರುವುದಿಲ್ಲ, ಈ ಔಷಧಿಗೂ ಸುಲಭಕ್ಕೆ ಬಗ್ಗುವುದಿಲ್ಲ, ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ನಮ್ಮದು ಅದಲ್ಲ ಎಂದು ಚಿಕ್ಕ ಡಾಕ್ಟರು ಎರಡು ಸಲ ಹೇಳಿದಳು.

ನಮ್ಮದಕ್ಕೆ ಮೆಥೋಟ್ರೆಕ್ಸೇಟ್. ಒಂದು ದಿನ ಇಂಜೆಕ್ಷನ್, ಮಾರನೆಯ ದಿನ ಅದರ ಉರಿ ತಗ್ಗಿಸುವ ಫೋಲಿನಿಕ್ ಆಸಿಡ್ ಮಾತ್ರೆ, ಮತ್ತೆ ಇಂಜೆಕ್ಷನ್, ಮತ್ತೆ ಮಾತ್ರೆ. ಹೀಗೆ ಎಂಟು ದಿನ. ಎರಡು ವಾರಕ್ಕೊಂದು ಸುತ್ತು. ಕ್ಯಾನ್ಸರ್ ಔಷಧಿ ಎಂದ ಕೂಡಲೇ ಗಂಡ ಗೋಡೆ ಹಿಡಿದು ಕೂತ. ಚಿಕ್ಕ ಡಾಕ್ಟರು ಅವನೆದುರು ಸ್ಟೂಲು ಎಳೆದುಕೊಂಡು ಕೂತು ಹೇಳಿದ ಕತೆ ನನಗೆ ಇನ್ನೂ ನೆನಪಿದೆ. ಆಮೇಲೆ ಪುಸ್ತಕದಲ್ಲೂ ಓದಿದೆ.

ಆ ಔಷಧಿ ಹುಟ್ಟಿದ್ದರಲ್ಲಿ ನಮ್ಮ ಪಕ್ಕದ ಆಂಧ್ರದವನ ಕೈಯಿದೆ. ಭೀಮಾವರದಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮೆರಿಕಕ್ಕೆ ಹೋಗಿ ಲೆಡರ್ಲೆ ಎಂಬ ಔಷಧಿ ಕಂಪನಿಯಲ್ಲಿ ಸಂಶೋಧನೆ ನಡೆಸಿದರು. ಫೋಲಿಕ್ ಆಸಿಡ್ಡನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದು, ಅದಕ್ಕೆ ಅಡ್ಡಗಾಲು ಹಾಕುವ ಔಷಧಿಗಳನ್ನು ಕೊಟ್ಟದ್ದು ಅವರ ತಂಡ. ಬಸುರಿಯರಿಗೆ ನೀನು ಹಂಚುತ್ತೀಯಲ್ಲ ಕಬ್ಬಿಣದ ಮಾತ್ರೆ, ಅದರೊಳಗಿರುವುದೂ ಇದೇ ಫೋಲಿಕ್ ಆಸಿಡ್ಡು. ಕೂಸು ಬೆಳೆಯಲು ಅದು ಬೇಕು, ಕಂಡಾಪಟ್ಟೆ ಬೆಳೆಯುವ ಗಂಟಿಗೆ ಅದು ಇನ್ನೂ ಹೆಚ್ಚು ಬೇಕು. ಅದು ಸಿಗದಂತೆ ಮಾಡಿದರೆ ಗಂಟು ಸಾಯುತ್ತದೆ. ಸುಬ್ಬರಾವ್ 1948ರಲ್ಲೇ ತೀರಿಕೊಂಡರು, ತಮ್ಮ ಔಷಧಿ ಈ ಕಾಯಿಲೆಯನ್ನು ಗೆದ್ದದ್ದನ್ನು ನೋಡಲಿಲ್ಲ.

ಗೆದ್ದವನು ಚೀನಾದಿಂದ ಹೋಗಿದ್ದ ಮಿನ್ ಚಿಯು ಲೀ ಎಂಬ ಡಾಕ್ಟರು. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ರಾಯ್ ಹರ್ಟ್ಸ್ ಜೊತೆ ಕೆಲಸ ಮಾಡುತ್ತ, ಶ್ವಾಸಕೋಶಕ್ಕೆಲ್ಲ ಹರಡಿದ್ದ ಕೋರಿಯೋಕಾರ್ಸಿನೋಮದ ಹೆಂಗಸರಿಗೆ ಮೆಥೋಟ್ರೆಕ್ಸೇಟ್ ಕೊಟ್ಟ. ಗಂಟುಗಳು ಕರಗಿದವು. 1956ರಲ್ಲಿ ಅದನ್ನು ಪ್ರಕಟಿಸಿದರು. ಮೈಯೆಲ್ಲ ಹರಡಿದ ಗಂಟಿನ ಕ್ಯಾನ್ಸರ್ ಬರೀ ಔಷಧಿಯಿಂದ ಗುಣವಾಗಬಹುದೆಂದು ಜಗತ್ತು ಮೊದಲು ಕಂಡದ್ದು ಈ ಕಾಯಿಲೆಯಲ್ಲೇ. ಲೀಗೆ ಒಂದು ಹಟವಿತ್ತು. ಎಕ್ಸ್‌ರೇಯಲ್ಲಿ ಗಂಟು ಮಾಯವಾದರೂ ಹಾರ್ಮೋನಿನ ನಂಬರ್ ಉಳಿದಿದ್ದರೆ ಅವನು ಔಷಧಿ ನಿಲ್ಲಿಸುತ್ತಿರಲಿಲ್ಲ. ಚೆನ್ನಾಗಿ ಕಾಣುವ ಹೆಂಗಸರಿಗೆ ವಿಷ ಕೊಡುತ್ತಿದ್ದಾನೆ ಎಂದು ಮೇಲಿನವರಿಗೆ ಅನ್ನಿಸಿತು, ಅವನ ಕೆಲಸ ಹೋಯಿತು. ಔಷಧಿಯನ್ನು ಬೇಗ ನಿಲ್ಲಿಸಿದವರಲ್ಲಿ ಕಾಯಿಲೆ ಮರಳಿತು, ಲೀ ಕೊನೆತನಕ ಕೊಟ್ಟವರು ಬದುಕಿದರು. 1972ರಲ್ಲಿ ಆ ಕೆಲಸಕ್ಕೇ ಅವನಿಗೆ ಲಾಸ್ಕರ್ ಪ್ರಶಸ್ತಿ ಬಂತು.

ಗಂಡನಿಗೆ ಇದರಲ್ಲಿ ಎಷ್ಟು ಹತ್ತಿತೋ. "ಗುಣ ಆಯ್ತದಾ ಮೇಡಂ?" ಎಂದಷ್ಟೇ ಕೇಳಿದ. ಈ ಹಂತದಲ್ಲಿ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಗುಣವಾಗ್ತಾರೆ, ಗರ್ಭಕೋಶವೂ ಉಳೀತದ ಎಂದಳು. ಅತ್ತೆ ಮಾತ್ರ ಲೀಯ ಕತೆಯನ್ನು ಪೂರ್ತಿ ಹಿಡಿದುಕೊಂಡಿದ್ದಳು. ಬಸ್ಸಿನಲ್ಲಿ ಬರುವಾಗ ನಂಜನಗೂಡಿನ ಹತ್ತಿರ ಇದ್ದಕ್ಕಿದ್ದಂತೆ "ಪಾಪ, ಆ ಚೀನಾ ಡಾಕ್ಟ್ರುನ ಕೆಲಸದಿಂದ ತಗುದ್ರಂತಲ್ಲ" ಎಂದಳು.

ಔಷಧಿಯ ದಿನಗಳು ಸುಲಭವಾಗಿರಲಿಲ್ಲ. ಎರಡನೆಯ ಸುತ್ತಿಗೆ ಸೊಸೆಯ ಬಾಯಿ ತುಂಬ ಹುಣ್ಣು. ಮುದ್ದೆ ನುಂಗಲಾರಳು, ಸಾರಿನ ಖಾರ ತಾಗಿದರೆ ಕಣ್ಣಲ್ಲಿ ನೀರು. ತೆಳ್ಳಗೆ ರಾಗಿ ಗಂಜಿ ಮಾಡಿ, ಆರಿಸಿ, ಮಜ್ಜಿಗೆ ಬೆರೆಸಿ ಚಮಚದಲ್ಲಿ ಕುಡಿಸಿದ್ದು ಅತ್ತೆಯೇ. ಪ್ರತಿ ಸುತ್ತಿಗೆ ಮುಂಚೆ ಬಿಳಿರಕ್ತಕಣ, ಲಿವರ್, ಕಿಡ್ನಿ ನೋಡುತ್ತಿದ್ದರು. ಒಮ್ಮೆ ಕಣಗಳು ಕಡಿಮೆಯಾದವೆಂದು ವಾರ ಮುಂದೂಡಿದರು. ಕೂದಲು ಉದುರುತ್ತದೆ ಎಂದು ಊರವರು ಹೆದರಿಸಿದ್ದರು, ಈ ಔಷಧಿಗೆ ಹಾಗೇನೂ ಆಗಲಿಲ್ಲ. ಆ ವರ್ಷ ದೀಪಾವಳಿ ಕಳೆದು, ಸಂಕ್ರಾಂತಿಯ ಹೊತ್ತಿಗೆ ಗೋಡೆಯ ಮೇಲಿನ ಅಂಕಿ ಒಂದೇ ಅಂಕೆಗೆ ಬಂತು. ಕೊನೆಗೆ ಲ್ಯಾಬಿನವರು 2ಕ್ಕಿಂತ ಕಡಿಮೆ ಎಂದರು. ಸೊಸೆ ಸೀರೆ ಮಡಚಿ, ಇನ್ನು ಮೈಸೂರಿಗೆ ಬರುವುದಿಲ್ಲ ಎಂದಳು. ಇನ್ನೂ ಮೂರು ಸುತ್ತು ಇದೆ ಎಂದು ಮೇಡಂ ಹೇಳಿದ್ದರು. ಕಣ್ಣಿಗೂ ಯಂತ್ರಕ್ಕೂ ಸಿಗದ ಚೂರು ಉಳಿದಿರುತ್ತದೆ, ಅದಕ್ಕಾಗಿ. ನಾನು ಏನು ಹೇಳಿದರೂ ಅವಳು ಒಪ್ಪಲಿಲ್ಲ. ಬಾಯಿ ಹುಣ್ಣು ಅನುಭವಿಸಿದವಳು ಅವಳು, ನಾನಲ್ಲ. ಅತ್ತೆ ಒಳಗಿನಿಂದಲೇ ಕೂಗಿದಳು: "ಅರ್ಧಕ್ಕ ಬುಟ್ಟೋರ್ಗ ತಿರುಗ ಬಂತಂತ ಕನ ಮಗ. ಆ ಚೀನಾದಯ್ಯ ಸುಮ್ನ ಕೆಲಸ ಕಳ್ಕಂಡ್ನಾ?" ಮಾರನೆಯ ದಿನ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿದ್ದರು.

ಈಗ ಇಂಥ ಹೊಟ್ಟೆ ನಿನಗೆ ನೋಡಲು ಸಿಗುವುದು ಕಡಿಮೆ ಮಗ. ಎರಡು ತಿಂಗಳಿಗೇ ಸ್ಕ್ಯಾನ್ ಮಾಡುತ್ತಾರೆ, ಹೊಟ್ಟೆ ಏರುವ ಮುಂಚೆಯೇ ಗೊತ್ತಾಗುತ್ತದೆ. ಆದರೆ ಅಷ್ಟು ಬೇಗ ನೋಡಿದಾಗ ಗುಳ್ಳೆಗಳು ಇನ್ನೂ ಸಣ್ಣವು, ಬರೀ ಕೂಸು ನಿಲ್ಲಲಿಲ್ಲ ಎಂದು ಕಾಣಬಹುದು. ತೆಗೆದದ್ದನ್ನು ಪೆಥಾಲಜಿಗೆ ಕಳಿಸಿದರೇ ಮೋಲ್ ಎಂದು ತಿಳಿಯುವುದು. ನನಗೆ ಹೆಚ್ಚು ಭಯ ಇರುವುದು ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗಿ ಬಸಿರು ಇಳಿಸಿಕೊಳ್ಳುವವರ ಬಗ್ಗೆ. ಹೋದದ್ದು ಬಚ್ಚಲಲ್ಲಿ ಹೋಗುತ್ತದೆ, ಯಾರೂ ನೋಡುವುದಿಲ್ಲ. ಅಂಥವರಿಗೆ ಆರು ವಾರ ಕಳೆದರೂ ರಕ್ತ ನಿಲ್ಲದಿದ್ದರೆ ಬೈಯಲು ಹೋಗಬೇಡ, ಮೊದಲು ಉಚ್ಚೆ ಪರೀಕ್ಷೆ ಮಾಡಿಸು.

ಔಷಧಿ ಮುಗಿದು ಒಂದು ವರ್ಷ ತಿಂಗಳು ತಿಂಗಳು ರಕ್ತ ಕೊಟ್ಟಳು, ಮಾತ್ರೆ ತಪ್ಪಿಸಲಿಲ್ಲ. ಆಮೇಲೆ ಮೇಡಂ ಸರಿ ಎಂದ ಮೇಲೆ 2013ರ ನಡುವಿಗೆ ಮತ್ತೆ ಮುಟ್ಟು ನಿಂತಿತು. ಎರಡು ತಿಂಗಳು ತುಂಬುವ ಮುಂಚೆಯೇ ಸ್ಕ್ಯಾನ್. ಒಮ್ಮೆ ಆದವರಿಗೆ ಮತ್ತೆ ಮೋಲ್ ಆಗುವುದು ನೂರಕ್ಕೆ ಒಂದೋ ಎರಡೋ ಎಂದು ನನಗೆ ಗೊತ್ತಿತ್ತು, ಆದರೂ ಪರದೆಯ ಮೇಲೆ ಎದೆಬಡಿತ ಮಿಣುಕುವ ತನಕ ನಾನು ಉಸಿರು ಬಿಟ್ಟ ನೆನಪಿಲ್ಲ. 2014ರಲ್ಲಿ ಚೆಲುವಾಂಬದಲ್ಲೇ ಹೆಣ್ಣುಕೂಸು. ಮಾಸನ್ನು ಪೆಥಾಲಜಿಗೆ ಕಳಿಸಿ ಎಂದು ನಾನು ನೆನಪಿಸುವಷ್ಟರಲ್ಲಿ ಅತ್ತೆ ಲೇಬರ್ ವಾರ್ಡಿನ ಬಾಗಿಲಲ್ಲಿ ನಿಂತು ಹೇಳಿ ಆಗಿತ್ತು. ಆ ಚಿಕ್ಕ ಡಾಕ್ಟರು ಓದು ಮುಗಿಸಿ ಊರಿಗೆ ಹೋಗಿದ್ದಳು, ಇದನ್ನು ನೋಡಲಿಲ್ಲ.

ಹೆರಿಗೆಯಾದ ಆರು ವಾರಕ್ಕೆ ಕೊನೆಯದಾಗಿ ಇನ್ನೊಂದು ಬೀಟಾ ಎಚ್‌ಸಿಜಿ ಮಾಡಿಸಬೇಕು. ಬಾಣಂತಿಯನ್ನು ಇನ್ನೂ ಹೊರಗೆ ಕಳಿಸುವುದಿಲ್ಲ ಎಂದು ಸೊಸೆಯ ತವರಿನವರು ತಕರಾರು ತೆಗೆದರು. ನಾಮಕರಣಕ್ಕೆ ದಿನ ನೋಡಿಸಿದ್ದೇವೆ, ಅದು ಮುಗಿಯಲಿ ಎಂದರು. ಅತ್ತೆ ದಿನವನ್ನೇ ಮುಂದಕ್ಕೆ ಹಾಕಿಸಿದಳು. ಮಾರನೆಯ ಸಂಜೆ ನಾನು ಫೋನು ಮಾಡಿದಾಗ ಎತ್ತಿದವಳು ಹಲೋ ಅನ್ನಲಿಲ್ಲ, "ನಂಬರ್ ಯಾನ ಬಂತವ್ವ?" ಎಂದಳು. 2ಕ್ಕಿಂತ ಕಡಿಮೆ ಎಂದೆ. ಇದ್ದಿಲು ಹುಡುಕುವ ಸದ್ದು, ಸ್ವಲ್ಪ ಹೊತ್ತು. ಆಮೇಲೆ "ಸರಿ, ಬರೋ ಸೋಮ್ವಾರ ಹೆಸ್ರಿಡ್ತೀವಿ, ನೀನು ಬೆಳಗ್ಗೆನೆ ಬಂದ್ಬುಡು, ಒಬ್ಬಟ್ಟು ತಟ್ಟೋಕ ಕೈ ಸಾಲಲ್ಲ" ಎಂದು ಫೋನಿಟ್ಟಳು.